ನರಸಕ್ಕನ ಬೆಳಗಿನ ಕಾಫಿ

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರುವ ಹುಡುಗಿಯರು ಹಿಂದೂಪುರದ ನಮ್ಮ ಮನೆಗೆ ಆಗಾಗ ಬರುತ್ತಾರೆ. ನರ ಸಿಕ್ಕದ ಕೈಗೆ ಸೂಜಿ ಹಾಕುವುದು, ಡಾಕ್ಟರ ಸಿಟ್ಟನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು, ಇವೆಲ್ಲ ತಾನಾಗಿ ಬರುತ್ತವೆ ಎಂದು ಹೇಳಿ, ಕೈಗೆ ನಾಲ್ಕು ಚಕ್ಕುಲಿ ಕೊಟ್ಟು ಕಳಿಸುತ್ತೇನೆ. ಹೇಳದೆ ಉಳಿಸಿಕೊಂಡದ್ದು ಒಂದಿದೆ. ಅದು ಒಂದು ವಾಸನೆಯ ವಿಷಯ. ತಿಂಡಿ ತಿನ್ನುವವರ ಮುಂದೆ ಎತ್ತುವ ಮಾತಲ್ಲ. ಅದಕ್ಕೇ ಬರೆದು ಮುಗಿಸುತ್ತೇನೆ.

ಜಠರದಲ್ಲಿ ಹುಣ್ಣಾಗಿ ರಕ್ತ ಸೋರಿದರೆ, ಅದು ಕರುಳಿನುದ್ದಕ್ಕೂ ಇಳಿದು ಹೊರಗೆ ಬರುವ ಹೊತ್ತಿಗೆ ಕೆಂಪಗಿರುವುದಿಲ್ಲ. ರಸ್ತೆಗೆ ಹಾಕುವ ಡಾಂಬರಿನ ಹಾಗೆ ಕಪ್ಪಗೆ, ಅಂಟಾಗಿ, ಹೊಳೆಯುತ್ತ ಇರುತ್ತದೆ. ಅದಕ್ಕೊಂದು ವಾಸನೆಯಿದೆ. ಮಲದ ವಾಸನೆಯಲ್ಲ, ರಕ್ತದ ವಾಸನೆಯೂ ಅಲ್ಲ, ಎರಡೂ ಸೇರಿ ಹುಟ್ಟಿದ ಮೂರನೆಯದು. ಒಮ್ಮೆ ಮೂಗಿಗೆ ಹತ್ತಿದರೆ ಸಾಯುವವರೆಗೂ ಮರೆಯುವುದಿಲ್ಲ. ನನಗೆ ಅದು ಆಸ್ಪತ್ರೆಯ ಹೊರಗೂ ಸಿಕ್ಕಿದೆ. ಒಮ್ಮೆ ಲೇಪಾಕ್ಷಿ ಬಸ್ಸಿನಲ್ಲಿ ನಿಂತು ಬರುತ್ತಿದ್ದಾಗ ಫಕ್ಕನೆ ಬಂತು. ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಒಬ್ಬ ಮುದುಕ, ಬಿಳಿಚಿಕೊಂಡ ಮುಖ, ತೊಡೆಯ ಮೇಲೆ ಟವೆಲ್ಲು. ಬಗ್ಗಿ ಮೆಲ್ಲಗೆ ಕೇಳಿದೆ, "ತಾತಾ, ಹೊರಕಡೆ ಕರ್‍ರಗೆ ಹೋಯ್ತಾ ಐತಾ?"

ಮುದುಕ ನನ್ನನ್ನು ದೆವ್ವ ಕಂಡವನ ಹಾಗೆ ನೋಡಿದ. "ನಿಂಗೆಂಗ್ ಗೊತ್ತಾಯ್ತು?" ಅಂದ. ನಾನು ಉತ್ತರ ಹೇಳುವ ಮೊದಲೇ ಎದ್ದು, ಜನರನ್ನು ತಳ್ಳಿಕೊಂಡು ಹೋಗಿ, ಮುಂದೆ ಸಿಕ್ಕಿದ ಊರಿನಲ್ಲೇ ಇಳಿದುಬಿಟ್ಟ. ಬಸ್ಸು ಮುಂದೆ ಹೋದ ಮೇಲೂ ಅವನು ರಸ್ತೆ ಪಕ್ಕ ನಿಂತು ನಮ್ಮ ಕಡೆಯೇ ನೋಡುತ್ತಿದ್ದ. ಅವನು ಏನಾದನೋ ನನಗೆ ಗೊತ್ತಿಲ್ಲ.

ಈ ಮೂಗನ್ನು ನನಗೆ ಕೊಟ್ಟವರು ಕಲ್ಯಾಣದುರ್ಗದ ಸುಗುಣಮ್ಮ. ನಾನು ಮೊದಲು ಸೇರಿದ್ದು ಅಲ್ಲಿಯ ಆಸ್ಪತ್ರೆಗೆ, ಆಕೆ ನಮ್ಮ ಹೆಡ್ ನರ್ಸ್. ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಬೆಡ್‌ಪ್ಯಾನ್ ಎತ್ತುವಾಗ ನಾನು ಸೆರಗು ಮೂಗಿಗೆ ಹಿಡಿದರೆ ಹಿಂದಿನಿಂದ ಬಂದು ಕೈ ಕೆಳಗಿಳಿಸುತ್ತಿದ್ದರು. "ಮುಕ್ಕು ಮೂಸ್ಕೋವದ್ದೇ ಪಿಲ್ಲಾ," ಎನ್ನುತ್ತಿದ್ದರು, ಮೂಗು ಮುಚ್ಚಿಕೊಳ್ಳಬೇಡ ಹುಡುಗಿ ಎಂದು. "ಮೂಗು ಮುಚ್ಕಂಡ್ರೆ ಅರ್ಧ ಕಾಯಿಲೆ ನಿನ್ ಮುಂದೇನೇ ನಡ್ಕಂಡ್ ಹೋಯ್ತವೆ."

ಕಂಬದೂರು ಕಡೆಯ ಒಬ್ಬ ಕುರಿಗಾಹಿ ಒಮ್ಮೆ ಊರ ಜನರನ್ನೆಲ್ಲ ಕಟ್ಟಿಕೊಂಡು ಬಂದ. ಕಪ್ಪಗೆ ಹೋಗುತ್ತಿದೆ, ಯಾರೋ ಮಾಟ ಮಾಡಿಸಿದ್ದಾರೆ, ಇನ್ನು ಉಳಿಯುವುದಿಲ್ಲ ಎಂದು ಅವನ ಅಕ್ಕತಂಗಿಯರು ಆಸ್ಪತ್ರೆಯ ಅಂಗಳದಲ್ಲೇ ಹಾಡಿಕೊಂಡು ಅಳುತ್ತಿದ್ದರು. ಹೊಸದಾಗಿ ಬಂದಿದ್ದ ಡಾಕ್ಟರ್ ಹುಡುಗ ಗಾಬರಿಯಾಗಿ ಅನಂತಪುರಕ್ಕೆ ಕಳಿಸಲು ಚೀಟಿ ಬರೆಯತೊಡಗಿದ. ಸುಗುಣಮ್ಮ ಬೆಡ್‌ಪ್ಯಾನ್ ಕಡೆ ಒಂದು ಸಲ ನೋಡಿ, ಒಂದು ಸಲ ಉಸಿರೆಳೆದು, "ಇದರಲ್ಲಿ ಅಂಟಿಲ್ಲ, ಆ ವಾಸನೆ ಇಲ್ಲ. ಏನು ನುಂಗ್ತಾ ಇದ್ದೀಯ ಹೇಳು," ಎಂದರು. ಬಸುರಿ ಹೆಂಡತಿಗೆ ಕೊಟ್ಟಿದ್ದ ಕಬ್ಬಿಣದ ಮಾತ್ರೆಗಳನ್ನು ಇವನು ಶಕ್ತಿ ಬರಲಿ ಎಂದು ತಾನೇ ನುಂಗಿ ಮುಗಿಸಿದ್ದ. ಅಳುತ್ತಿದ್ದ ಅಕ್ಕತಂಗಿಯರು ಅವನನ್ನು ಗೇಟಿನವರೆಗೂ ಬೈದುಕೊಂಡು ಹೋದರು.

ಆಗೆಲ್ಲ ರಕ್ತ ಸೋರುವ ಹೊಟ್ಟೆಗೆ ನಮ್ಮಲ್ಲಿದ್ದ ಉಪಾಯ ಮೂಗಿನಿಂದ ಒಂದು ಕೊಳವೆ ಇಳಿಸಿ, ತಣ್ಣನೆಯ ಸಲೈನ್ ಬಿಟ್ಟು ತೊಳೆಯುವುದು. ಬಿಟ್ಟದ್ದು ಕಾಫಿ ಚರಟದ ಬಣ್ಣದಲ್ಲಿ ವಾಪಸು ಬರುತ್ತಿತ್ತು. ಅದು ತಿಳಿಯಾಗುವವರೆಗೂ ತೊಳೆಯುತ್ತಲೇ ಇರಬೇಕು. ಒಳಗೆ ಏನಾಗುತ್ತಿದೆ ಎನ್ನುವುದು ಊಹೆಯ ಮಾತು. ನಾನು ಹಿಂದೂಪುರದ ಒಂದು ಆಸ್ಪತ್ರೆಗೆ ಬಂದ ಮೇಲೆ ಕ್ಯಾಮೆರಾ ಇರುವ ಸ್ಕೋಪ್ ಕಂಡೆ. ಬೆರಳು ದಪ್ಪದ ಕಪ್ಪು ನಳಿಗೆಯನ್ನು ಬಾಯಿಂದ ಇಳಿಸಿದರೆ ಟಿವಿಯಲ್ಲಿ ಹೊಟ್ಟೆಯೊಳಗೆಲ್ಲ ಕಾಣುತ್ತದೆ. ಮೊದಲ ಸಲ ಹುಣ್ಣನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಗುಲಾಬಿ ಬಣ್ಣದ ಗೋಡೆಯಲ್ಲಿ ಬಿಳಿಯ ಗುಂಡು, ಅದರ ನಡುವೆ ಕಪ್ಪು ಚುಕ್ಕೆ. ಕಣ್ಣೊಂದು ಒಳಗಿನಿಂದ ನಮ್ಮನ್ನೇ ನೋಡುತ್ತಿದ್ದ ಹಾಗಿತ್ತು.

ಆ ಹುಣ್ಣುಗಳನ್ನು ಯಾರು ಮಾಡುತ್ತಿದ್ದರು ಅನ್ನುತ್ತೀರಿ. ಖಾರ ತಿನ್ನುವುದರಿಂದ ಎಂದು ಇಡೀ ಊರು ನಂಬಿತ್ತು. ನಮ್ಮ ಸ್ಕೋಪ್ ಡಾಕ್ಟರ್ ಮುರಳಿ ಮಾತ್ರ ಪ್ರತಿಯೊಬ್ಬರನ್ನೂ ಪೊಲೀಸರ ಹಾಗೆ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ನೊಪ್ಪಿ ಬಿಳ್ಳಲು ವೇಸ್ಕುಂಟಾವಾ?" ನೋವಿನ ಬಿಳ್ಳ, ಅಂದರೆ ಮಾತ್ರೆ, ನುಂಗುತ್ತೀಯಾ ಎಂದು. ಬಹಳ ಜನ ಹೌದು ಎನ್ನುತ್ತಿದ್ದರು. ನಮ್ಮ ಕಡೆ ಅಂಗಡಿಯಲ್ಲಿ ಹೋಗಿ "ಒಂದು ಸೆಟ್ಟು ಕೊಡಿ" ಅಂದರೆ ಸಾಕು. ಬಿಡಿ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಒಂದು ನೋವಿಗೆ, ಒಂದು ಊತಕ್ಕೆ, ಸಾಸಿವೆಯಷ್ಟು ಚಿಕ್ಕದೊಂದು ಸ್ಟೆರಾಯ್ಡ್. ನುಂಗಿದ ಅರ್ಧ ಗಂಟೆಗೆ ಮಂಡಿ ಹಗುರ, ಸೊಂಟ ಹಗುರ. ಆದರೆ ಜಠರ ತನ್ನ ಗೋಡೆಗೆ ತಾನೇ ಬಳಿದುಕೊಳ್ಳುವ ಲೋಳೆಯನ್ನು ಈ ಮಾತ್ರೆಗಳು ಕಡಿಮೆ ಮಾಡುತ್ತವೆ. ಊಟ ಮಾಡಿ ನುಂಗಿದರೂ ದಿನಾ ನುಂಗಿದರೆ ಅಪಾಯ ತಪ್ಪಿದ್ದಲ್ಲ, ಖಾಲಿ ಹೊಟ್ಟೆಯಂತೂ ಬೇಡವೇ ಬೇಡ. ಎಲ್ಲಕ್ಕಿಂತ ಕೆಟ್ಟದ್ದೇನೆಂದರೆ, ಅವು ನೋವನ್ನು ಅಡಗಿಸುವ ಮಾತ್ರೆಗಳು. ಹುಣ್ಣನ್ನು ಮಾಡಿ, ಹುಣ್ಣಿನ ನೋವನ್ನೂ ಅವೇ ಮುಚ್ಚಿಡುತ್ತವೆ. ಮಾತ್ರೆಗೆ ಶಾಪ ಹಾಕುವವಳು ನಾನಲ್ಲ. ಹಲ್ಲು ಕೀಳಿಸಿದಾಗ ನಾನೂ ನುಂಗಿದ್ದೇನೆ. ದಿನಾ ಬೆಳಿಗ್ಗೆ ನುಂಗುವವರ ಮಾತು ಹೇಳುತ್ತಿದ್ದೇನೆ.

ಕೊಡಿಕೊಂಡ ಚೆಕ್‌ಪೋಸ್ಟ್ ಕಡೆಯಿಂದ ಬಂದ ಒಬ್ಬ ಲಾರಿ ಡ್ರೈವರನ್ನು ನಾನು ಮರೆತಿಲ್ಲ. ತಾನೇ ನಡೆದುಕೊಂಡು ಬಂದ. ಡಾಬಾದಲ್ಲಿ ತಿಂದದ್ದು ಸೇರಲಿಲ್ಲ, ಗ್ಯಾಸಿಗೆ ಏನಾದರೂ ಕೊಡಿ ಎಂದ. ತಮಾಷೆಯ ಮನುಷ್ಯ. ನನ್ನ ಬಿಳಿ ಕೂದಲು ನೋಡಿ, "ಏನ್ ಸಿಸ್ಟರಮ್ಮ, ನಮ್ ಲಾರಿಗಿಂತ ಹಳೇದು ನಿಮ್ ಸರ್ವೀಸು," ಎಂದು ನಗಾಡಿದ. ನಾನು ನಗುತ್ತಲೇ ಅವನ ಹೊಟ್ಟೆಯ ಮೇಲೆ ಕೈ ಇಟ್ಟೆ. ಹಲಗೆಯ ಹಾಗೆ ಗಟ್ಟಿಯಾಗಿತ್ತು. ಕೈ ಹಾಗೇ ನಿಂತಿತು. ಹೊಟ್ಟೆಯ ಹುಣ್ಣು ತೂತಾಗಿ ಒಳಗಿನದೆಲ್ಲ ಸುರಿದಾಗ ಹೊಟ್ಟೆ ಹಾಗಾಗುತ್ತದೆ. ಅಂಥವರು ನೋವಿಗೆ ಮಂಡಿ ಮಡಚಿ ಕಿರುಚುತ್ತಿರಬೇಕು. ಈತ ಕಾಲು ಅಲ್ಲಾಡಿಸುತ್ತ ಬೆಂಚಿನ ಮೇಲೆ ಕೂತಿದ್ದ. ಬೆನ್ನುನೋವಿಗೆಂದು ಟೀ ಜೊತೆ ದಿನಾ ಸೆಟ್ಟು ನುಂಗುತ್ತಿದ್ದನಂತೆ. ಅವನ ಮೈಗೆ ತಾನು ಸಾಯುತ್ತಿರುವುದು ಗೊತ್ತೇ ಆಗಿರಲಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರ್ ಮುರಳಿ ಆಪರೇಷನ್ನಿಗಾಗಿ ಕೂಡಲೇ ಆಂಬುಲೆನ್ಸ್ ಹತ್ತಿಸಿ ಬೆಂಗಳೂರಿಗೆ ಕಳಿಸಿದರು. ಒಳಗಿನಿಂದ ನನಗೆ ಕೈ ಬೀಸಿದ. ಚಿಕ್ಕಬಳ್ಳಾಪುರ ದಾಟುವುದರೊಳಗೆ ಹೋಗಿಬಿಟ್ಟನಂತೆ, ಮಾತಾಡುತ್ತಾ ಮಾತಾಡುತ್ತಾ.

ಇಷ್ಟೆಲ್ಲ ಕಂಡಿದ್ದ ನನಗೆ, ನಿವೃತ್ತಿಗೆ ಸ್ವಲ್ಪ ಮೊದಲು ಬಂದ ಪದ್ಮಳ ಕೇಸು ಮಾತ್ರ ನಿಜವಾಗಿ ಹೆದರಿಕೆ ಹುಟ್ಟಿಸಿತು.

ಪದ್ಮ ಲೇಪಾಕ್ಷಿ ಹತ್ತಿರದ ಹಳ್ಳಿಯವಳು. ಹಿಂದೂಪುರದ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ, ದಿನಾ ಬಸ್ಸಿನಲ್ಲಿ ಓಡಾಟ. ಮಿಷನ್ ಮೇಲೆ ಕುಸಿದು ಬಿದ್ದಳೆಂದು ಜೊತೆಯ ಹೆಂಗಸರು ಆಟೋದಲ್ಲಿ ಕರೆತಂದರು. ಆಟೋ ನಿಲ್ಲುವ ಮೊದಲೇ ಆ ವಾಸನೆ ನನ್ನನ್ನು ಮುಟ್ಟಿತು. ಇನ್ನೂ ಮೂವತ್ತು ಮುಟ್ಟಿರದ ಹೆಣ್ಣು, ತುಟಿಗೂ ಕೆನ್ನೆಗೂ ಬಣ್ಣದ ವ್ಯತ್ಯಾಸವೇ ಇರಲಿಲ್ಲ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರೆ ಕಾಗದದ ಬಿಳುಪು. ಕರೆತಂದ ಹೆಂಗಸರು ದೂರದಲ್ಲೇ ನಿಂತಿದ್ದರು. ಅವರಲ್ಲೊಬ್ಬಳು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು.

"ಔಷದಿಗೆ ಬಗ್ಗೋದಲ್ಲ ಕಣಮ್ಮ ಇದು. ಅವ್ರತ್ತೆ ಹೋದ್ ಮ್ಯಾಲಿಂದ ಇಂಗಾಗೈತೆ. ಮುದುಕಿ ದಿನಾ ಬೆಳಿಗ್ಗೆ ಬಂದು ರಕ್ತ ಕುಡೀತಾವ್ಳಂತೆ."

ಅತ್ತೆಯ ಹೆಸರು ನರಸಕ್ಕ. ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಡಾಕ್ಟರ್ ಮುರಳಿ ತಮ್ಮ ಪ್ರಶ್ನೆ ಕೇಳಿದರು. ಪದ್ಮ ಇಲ್ಲವೆಂದಳು. ತೆಲುಗಿನಲ್ಲಿ ಕೇಳಿದರು, ಕನ್ನಡದಲ್ಲಿ ನಾನೂ ಕೇಳಿದೆ. ತಲೆನೋವಿಗೆ? ಸೊಂಟನೋವಿಗೆ? ಮುಟ್ಟಿನ ಹೊಟ್ಟೆನೋವಿಗೆ? "ನಂಗ್ಯಾವ್ ನೋವೂ ಇಲ್ಲ ಸಿಸ್ಟರಮ್ಮ. ಯಾವ್ ಮಾತ್ರೇನೂ ತಗಳಲ್ಲ, ದೇವ್ರಾಣೆ," ಎಂದಳು. ಸುಳ್ಳು ಹೇಳುವವರ ಕಣ್ಣು ನನಗೆ ಗೊತ್ತು. ಇವಳು ಸುಳ್ಳು ಹೇಳುತ್ತಿರಲಿಲ್ಲ.

ಸ್ಕೋಪ್ ಹಾಕಿದರೆ ಹುಣ್ಣು ಇತ್ತು. ಡಾಕ್ಟರು ಅದರ ಸುತ್ತ ಸೂಜಿ ಹಾಕಿ ರಕ್ತ ನಿಲ್ಲಿಸಿದರು. ಆಸಿಡ್ ತಗ್ಗಿಸುವ ಔಷಧಿಯನ್ನು ನರದಲ್ಲಿ ಏರಿಸಿದೆವು, ರಕ್ತ ಕೊಟ್ಟೆವು. ನರಸಕ್ಕನ ತಂಗಿ, ಅಂದರೆ ಪದ್ಮಳ ಗಂಡ ಅಶ್ವತ್ಥನ ಚಿಕ್ಕಮ್ಮ, ಮಂಚದ ಕಾಲಬಳಿ ಕುಕ್ಕರುಗಾಲಲ್ಲಿ ಕೂತು ರಕ್ತದ ಚೀಲವನ್ನೇ ನೋಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ, "ನೀವ್ ಹಾಕ್ತಿರೋದು ಯಾರ್ ಹೊಟ್ಟೆಗೆ ಹೋಯ್ತೈತೆ ಗೊತ್ತೇನಮ್ಮ?" ಎಂದಳು. ನಾನು ರೇಗಿ ಹೊರಗೆ ಕಳಿಸಿದೆ. ಕಳಿಸಿದ ಮೇಲೆ ನನ್ನ ಕಣ್ಣೂ ಆ ಚೀಲದ ಕಡೆಗೇ ಹೋಯಿತು.

ಮರುದಿನ ಪದ್ಮಳ ತುಟಿಗೆ ಬಣ್ಣ ಬಂತು. ಮಾತಾಡಿದಳು, ಹಾಲು ಕುಡಿದಳು. ಹಾಲು, ಗಂಜಿ ಬಿಟ್ಟು ಬೇರೇನೂ ಕೊಡಬೇಡಿ, ಕಾಫಿ ಟೀ ಹತ್ತಿರಕ್ಕೂ ತರಬೇಡಿ ಎಂದು ಅಶ್ವತ್ಥನಿಗೆ ಎರಡೆರಡು ಸಲ ಹೇಳಿದೆ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮೆತ್ತನೆ ಮನುಷ್ಯ, ತಲೆಯಾಡಿಸಿದ. ಇನ್ನು ಮನೆಗೆ ಕಳಿಸಬಹುದು ಎಂದುಕೊಳ್ಳುವಷ್ಟರಲ್ಲಿ ಅವಳಿಗೆ ಮತ್ತೆ ಕಪ್ಪಗೆ ಹೋಯಿತು. ಪಲ್ಸ್ ಏರಿತು, ಕೈಕಾಲು ತಣ್ಣಗಾದವು. ಡಾಕ್ಟರ್ ಮುರಳಿ ಮತ್ತೆ ಸ್ಕೋಪ್ ಹಾಕಿದರು. ಹಳೆಯ ಹುಣ್ಣು ನಿಂತಿತ್ತು. ಅದರ ಪಕ್ಕದಲ್ಲಿ ಹೊಸದಾಗಿ ಕೆರೆದ ಹಾಗೆ ಗಾಯಗಳು, ಒಂದೊಂದರಿಂದಲೂ ರಕ್ತ ಜಿನುಗುತ್ತಿತ್ತು. ಅಷ್ಟು ಔಷಧಿ ಏರುತ್ತಿರುವಾಗ ಹೊಸ ಗಾಯ ಎಲ್ಲಿಂದ ಬಂತು ಎಂದು ಅವರು ಟಿವಿಯ ಮುಂದೆ ನಿಂತೇ ಇದ್ದರು.

ವಾರ್ಡಿನಲ್ಲಿ ಸುದ್ದಿ ಹಬ್ಬಿತು. ಪಕ್ಕದ ಮಂಚದ ಹೆಂಗಸು ತನ್ನನ್ನು ಬೇರೆ ಕಡೆ ಹಾಕಿ ಎಂದು ಹಟ ಹಿಡಿದು ಕೂತಳು. ಬೆಳಕು ಹರಿಯುವ ಹೊತ್ತಿನಲ್ಲಿ, ಅವಳು ಎಚ್ಚರವಾಗಿ ಕಣ್ಣು ಬಿಟ್ಟರೆ, ಪದ್ಮಳ ತಲೆದೆಸೆಯಲ್ಲಿ ಕಂಬಳಿ ಹೊದ್ದ ಮುದುಕಿ ಬಗ್ಗಿ ನಿಂತಿದ್ದಳಂತೆ. ಆಯಾ ಕೂಡ ಆ ಕಡೆ ಕಸ ಗುಡಿಸುವುದನ್ನು ಬಿಟ್ಟಳು. ಚಿಕ್ಕಮ್ಮ ಅಷ್ಟರಲ್ಲಿ ದೆವ್ವ ಬಿಡಿಸುವವನೊಬ್ಬನನ್ನು ಗೊತ್ತು ಮಾಡಿಕೊಂಡು ಬಂದಿದ್ದಳು. ನಾಳೆ ಮಧ್ಯಾಹ್ನ ಕರೆದುಕೊಂಡು ಹೋಗುತ್ತೇವೆ, ಎಲ್ಲಿ ಸಹಿ ಹಾಕಬೇಕೋ ಹಾಕುತ್ತೇವೆ ಎಂದಳು. ಡಾಕ್ಟರ್ ಮುರಳಿ ಅಶ್ವತ್ಥನನ್ನು ಕೂರಿಸಿಕೊಂಡು, ಈ ಸ್ಥಿತಿಯಲ್ಲಿ ಕರೆದೊಯ್ದರೆ ದಾರಿಯಲ್ಲೇ ಹೋಗುತ್ತಾಳೆ ಎಂದು ಸ್ಪಷ್ಟವಾಗಿ ಹೇಳಿದರು. ಅವನು ಕೈ ಮುಗಿದು ಅತ್ತ. "ಇಲ್ಲಿದ್ರೂ ಹೋಯ್ತಾಳಲ್ಲ ಸಾರ್," ಎಂದ.

ಮಾರನೆಯ ದಿನ ನಾನು ಡ್ಯೂಟಿಗಿಂತ ಮೊದಲೇ ಹೋದೆ. ಮನೆಯಲ್ಲಿ ಕೂರಲು ಆಗಲಿಲ್ಲ. ಬೆಳಕಾಗಿತ್ತು, ವಾರ್ಡಿನಲ್ಲಿ ಎಲ್ಲರೂ ಮಲಗಿದ್ದರು. ಪದ್ಮ ಮಾತ್ರ ಕಣ್ಣು ತೆರೆದು ಮಲಗಿದ್ದಳು. ನನ್ನನ್ನು ಕಂಡು ಸಣ್ಣಗೆ ನಕ್ಕಳು.

"ಅತ್ತೆ ಬಂದಿದ್ಳು ಸಿಸ್ಟರಮ್ಮ," ಎಂದಳು. "ಈಗಷ್ಟೇ ಹೋದ್ಳು."

ನನ್ನ ಕೈಯ ರೋಮ ನಿಂತಿತು, ಸುಳ್ಳು ಯಾಕೆ ಹೇಳಲಿ. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು, "ಏನಂದ್ಳು?" ಎಂದು ಕೇಳಿದೆ.

"ಏನೂ ಅನ್ನಲ್ಲ. ಕಾಪಿ ಕೊಡ್ತಾಳೆ. ಕುಡಿದ್ ಮ್ಯಾಲೆ ಹೋಯ್ತಾಳೆ."

ದೆವ್ವದ ಭಯ ಅಲ್ಲಿಗೇ ಬಿಟ್ಟುಹೋಯಿತು, ಸಿಟ್ಟು ಬಂತು. ಇಷ್ಟು ವರ್ಷ ವಾರ್ಡು ನೋಡಿದವಳು ನಾನು, ಬೇಡವೆಂದ ಮೇಲೂ ಕಾಫಿ ಕೊಡುವವರು ಬದುಕಿರಲಿ ಸತ್ತಿರಲಿ ನನಗೆ ಒಂದೇ. "ಎಲ್ಲಿ, ಬಾಯಿ ತೆಗಿ," ಎಂದೆ. ಬಾಯಲ್ಲಿ ಕಾಫಿಯ ವಾಸನೆ ಇತ್ತು. ತಲೆದಿಂಬಿನ ಪಕ್ಕ ಕೈಯಾಡಿಸಿದೆ. ಒಂದು ಸ್ಟೀಲ್ ಲೋಟ ಸಿಕ್ಕಿತು. ಅದು ಇನ್ನೂ ಬೆಚ್ಚಗಿತ್ತು.

ಆ ಬಿಸಿ ಲೋಟ ಕೈಯಲ್ಲಿ ಹಿಡಿದು ನಿಂತ ಕ್ಷಣವನ್ನು ಹೇಗೆ ಬರೆಯಲಿ. ಹಿಂದೆ ಏನೋ ಸರಿದಂತಾಯಿತು. ತಿರುಗಿದರೆ ಬಾಗಿಲಲ್ಲಿ ಕಂಬಳಿ ಹೊದ್ದ ಆಕೃತಿ, ತಲೆಯ ಮೇಲಿಂದ ಮಂಡಿಯವರೆಗೂ ಇಳಿಬಿಟ್ಟ ಹೆಂಗಸರ ಹೊದಿಕೆ. ಅದು ಒಳಗೆ ಬಂತು. ಕಂಬಳಿ ಸರಿಸಿದರೆ ಅಶ್ವತ್ಥ. ಕೈಯಲ್ಲಿ ನಲ್ಲಿಯಲ್ಲಿ ತೊಳೆದು ತಂದ ಫ್ಲಾಸ್ಕು.

"ಬೈಕಲ್ಲಿ ಚಳಿ ಸಿಸ್ಟರಮ್ಮ. ಅವ್ವನ್ ಕಂಬಳಿ ಹೊದ್ಕಂಡ್ ಬಂದೆ," ಎಂದ.

ನಾನು ಲೋಟ ತೋರಿಸಿದೆ. ಅವನು ತಲೆ ತಗ್ಗಿಸಿದ. "ಕಾಪಿ ಬ್ಯಾಡ ಅಂದಿದ್ರಿ, ಗೊತ್ತು. ಆದ್ರೆ ಅದು ಕಾಪಿ ಅಲ್ಲ. ಅವ್ವನ್ ಎಡೆ."

ಆ ಮನೆಯಲ್ಲಿ ನಡೆದುಕೊಂಡು ಬಂದ ಪದ್ಧತಿ ಅದು. ಹಿರಿಯರು ತೀರಿದರೆ ವರ್ಷ ತುಂಬುವವರೆಗೂ, ಅವರು ಬದುಕಿದ್ದಾಗ ಬೆಳಿಗ್ಗೆ ಎದ್ದ ಕೂಡಲೇ ಏನು ಬಾಯಿಗೆ ಹಾಕಿಕೊಳ್ಳುತ್ತಿದ್ದರೋ ಅದನ್ನು ಫೋಟೋ ಮುಂದೆ ಇಟ್ಟು ದೀಪ ಹಚ್ಚಬೇಕು. ಒಂದು ದಿನವೂ ತಪ್ಪುವಂತಿಲ್ಲ. ಇಟ್ಟದ್ದನ್ನು ಚೆಲ್ಲುವಂತಿಲ್ಲ. ಮನೆಯ ಸೊಸೆ ಸ್ನಾನ ಮಾಡಿ, ಬೇರೇನೂ ತಿನ್ನುವ ಮೊದಲು ಅದನ್ನು ತೆಗೆದುಕೊಳ್ಳಬೇಕು. ಅಶ್ವತ್ಥನ ತಾತನಿಗೆ ಎಲೆ ಅಡಿಕೆ ಇಟ್ಟಿದ್ದರಂತೆ, ಅಜ್ಜಿಗೆ ಅಂಬಲಿ. ಪದ್ಮ ಆಸ್ಪತ್ರೆ ಸೇರಿದ ಮೇಲೆ ಎಡೆ ತಪ್ಪಬಾರದೆಂದು ಇವನೇ ದೀಪ ಹಚ್ಚಿ, ಇಟ್ಟದ್ದನ್ನು ಫ್ಲಾಸ್ಕಿಗೆ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಬಂದು, "ಅವ್ವ ಕೊಟ್ಟವ್ಳೆ, ಕುಡಿ," ಎಂದು ಕುಡಿಸಿ ಹೋಗುತ್ತಿದ್ದ. ರಕ್ತವಿಲ್ಲದೆ ಮಂಪರಿನಲ್ಲಿದ್ದ ಪದ್ಮಳಿಗೆ ಕಂಬಳಿ ಮಾತ್ರ ಕಂಡಿತ್ತು.

"ನಿಮ್ಮವ್ವ ಎದ್ದ ಕೂಡಲೇ ಬರೀ ಕಾಫಿ ಕುಡಿಯುತ್ತಿದ್ದಳಾ?" ಎಂದು ಕೇಳಿದೆ.

"ಕಾಪಿ ಜತೆ ಅವ್ಳ ಬಿಳ್ಳ. ಎಡೇಲೂ ಎರಡೂ ಇಡ್ತೀವಿ, ಇವ್ಳು ಎರಡೂ ತಗಂತಾಳೆ."

ಅವನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅಂಗೈ ಮೇಲೆ ಬಿಡಿಸಿದ, ಪ್ರಸಾದ ತೋರಿಸುವವರ ಹಾಗೆ. ನಾಳೆಯ ಎಡೆಗೆಂದು ಹಿಂದಿನ ರಾತ್ರಿಯೇ ಕೊಂಡಿಟ್ಟಿದ್ದ. ಒಂದು ಹಳದಿ, ಒಂದು ಬಿಳಿ, ಸಾಸಿವೆಯಂಥದೊಂದು. ಸೆಟ್ಟು.

ಪದ್ಮಳ ಕಡೆ ತಿರುಗಿ, "ಮಾತ್ರೆ ತಗೊಳ್ಳಲ್ಲ ಅಂದೆಯಲ್ಲಮ್ಮ," ಎಂದೆ.

"ಅದು ನಂದಲ್ಲ ಸಿಸ್ಟರಮ್ಮ," ಎಂದಳು. "ಅತ್ತೇದು."

ಡಾಕ್ಟರ್ ಮುರಳಿ ಬಂದು ಪೊಟ್ಟಣ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಆ ಚಿಕ್ಕ ಸ್ಟೆರಾಯ್ಡ್ ಮಾತ್ರೆಯನ್ನು ಇಷ್ಟು ತಿಂಗಳ ಮೇಲೆ ಥಟ್ಟನೆ ನಿಲ್ಲಿಸಿದರೆ ಬೇರೆ ತೊಂದರೆ ಎಂದು ಅದಕ್ಕೆ ಬೇಕಾದದ್ದನ್ನು ಬರೆದರು, ಉಳಿದವನ್ನು ಕಸದ ಬುಟ್ಟಿಗೆ ಹಾಕಿಸಿದರು. ಆಮೇಲೆ ನನಗೆ, "ಸಿಸ್ಟರ್, ಇನ್ನು ಮೇಲೆ ಯಾವ ಮಾತ್ರೆ ಅಂತ ಕೇಳೋದು ಬೇಡ. ಎದ್ದಾಗಿನಿಂದ ಬಾಯಿಗೆ ಏನೇನು ಹೋಗುತ್ತೆ ಅಂತ ಕೇಳೋಣ," ಎಂದರು. ಈ ಬರಹದಿಂದ ನೀವು ಒಂದೇ ಮಾತು ತೆಗೆದುಕೊಂಡು ಹೋಗುವುದಾದರೆ ಅದನ್ನು ತೆಗೆದುಕೊಂಡು ಹೋಗಿ. ಮಾತ್ರೆಯನ್ನು ಜನ ಮಾತ್ರೆ ಎಂದೇ ತಿಳಿದು ನುಂಗುತ್ತಾರೆ ಎನ್ನುವ ಗ್ಯಾರಂಟಿ ಇಲ್ಲ.

ಚಿಕ್ಕಮ್ಮನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಮಾತ್ರೆಯ ಕಥೆಯನ್ನೆಲ್ಲ ಕೇಳಿಸಿಕೊಂಡು, "ಸರಿ ಕಣಮ್ಮ. ಆದ್ರೂ ಕೊಡ್ತಿದ್ದೋಳು ನಮ್ಮಕ್ಕನೇ ತಾನೇ?" ಎಂದಳು. ಅಂತೂ ಎರಡು ದಿನ ನೋಡೋಣ ಎಂದು ಅಶ್ವತ್ಥ ಅವಳನ್ನು ಊರಿಗೆ ಕಳಿಸಿದ. ಅವನು ಚಿಕ್ಕಮ್ಮನ ಎದುರು ಗಟ್ಟಿಯಾಗಿ ಮಾತಾಡಿದ್ದು ಆವತ್ತೇ ಇರಬೇಕು.

ಎಡೆಯ ಕಾಫಿ ನಿಂತಿತು. ರಕ್ತ ನಿಂತಿತು. ಪದ್ಮ ಗಂಜಿಯಿಂದ ಮೆತ್ತನೆಯ ಅನ್ನಕ್ಕೆ ಬಂದಳು. ಉಗುರಿನ ಕೆಳಗೆ ನಸುಗೆಂಪು ಮೂಡಿತು. ಪಕ್ಕದ ಮಂಚದವಳು ನಾಚಿಕೊಂಡು ಇವಳಿಗೆ ಬಾಳೆಹಣ್ಣು ಸುಲಿದು ಕೊಟ್ಟಳು. ಮನೆಗೆ ಕಳಿಸುವ ದಿನ ಬೆಳಿಗ್ಗೆ ನಾನು ಬಿಪಿ ನೋಡಲು ಹೋದಾಗ ಅಶ್ವತ್ಥ ಮಂಚದ ಮೇಲೆ ಅವಳ ಕಾಲಬಳಿ ಕೂತಿದ್ದ. ಕಂಬಳಿ ಇರಲಿಲ್ಲ, ಆಗಷ್ಟೇ ಬಂದಿದ್ದ.

ಪದ್ಮ ಪೂರ್ತಿ ಎಚ್ಚರವಾಗಿದ್ದಳು. ಮಂಪರಿಲ್ಲ, ಜ್ವರವಿಲ್ಲ, ಬಿಪಿ ನನಗಿಂತ ಚೆನ್ನಾಗಿತ್ತು. "ಅತ್ತೆ ಇವತ್ತೂ ಬಂದಿದ್ಳು," ಎಂದಳು.

ಅಶ್ವತ್ಥ ನನ್ನ ಮುಖ ನೋಡಿದ. ನಾನು ಅವನ ಕೈ ನೋಡಿದೆ. ಫ್ಲಾಸ್ಕು ಇರಲಿಲ್ಲ.

"ಬರಿಗೈಲಿ ನಿಂತ್ಕಂಡಿದ್ಳು. ಕೈ ನೋಡ್ಕಂತಾ," ಎಂದಳು ಪದ್ಮ.

ಬಿಪಿ ಪಟ್ಟಿ ಬಿಚ್ಚುವ ನೆಪದಲ್ಲಿ ನಾನು ತಲೆ ತಗ್ಗಿಸಿದೆ. ಆಗ ಅಶ್ವತ್ಥ ಕೇಳಿದ, ಇಷ್ಟು ದಿನ ಬರಬಾರದೆಂದು ನಾನು ಬೇಡಿಕೊಳ್ಳುತ್ತಿದ್ದ ಪ್ರಶ್ನೆ. "ಸಿಸ್ಟರಮ್ಮ, ಅವ್ವ ಹಿಪ್ಪುನೇರಳೆ ತೋಟದಲ್ಲಿ ಬಿದ್ ದಿನ ಕಾಪಿ ಚರಟದಂಗೆ ವಾಂತಿ ಮಾಡ್ಕಂಡಿದ್ಳು. ನೋವು ಅನ್ನಲಿಲ್ಲ, ಏನೂ ಅನ್ನಲಿಲ್ಲ. ಹಾರ್ಟು ಅಂದ್ರು ಎಲ್ರೂ. ಅವಳಿಗೂ ಇದೇನಾ?"

ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ, ಆ ದಿನ ಬಂದಿದ್ದರೆ ಚೆನ್ನಾಗಿತ್ತು. "ಇದೇ ಇದ್ದಿರಬೇಕಪ್ಪ," ಎಂದೆ.

"ನಾನೇ ತಂದ್ಕೊಡ್ತಿದ್ದೆ," ಎಂದ. "ಸಾಯೋಗಂಟ ತಂದ್ಕೊಟ್ಟೆ. ಸತ್ ಮ್ಯಾಲೂ ದಿನಾ ತಂದು ಅವಳ ಮುಂದೆ ಇಟ್ಟೆ." ಹೊರಗೆ ಬಸ್ಸುಗಳ ಹಾರನ್ನು. "ಇನ್ನೂ ವರ್ಸ ತುಂಬಿಲ್ಲ. ನಾಳೆ ಬೆಳಿಗ್ಗೆ ಏನಿಡ್ಲಿ ಅವ್ವಂಗೆ?"

ಅವನು ಕೇಳಿದ್ದು ನನ್ನನ್ನು. ನಾನು ನರ್ಸು, ನನಗೆ ಗೊತ್ತಿರುವುದು ಬದುಕಿರುವವರಿಗೆ ಏನು ಕೊಡಬೇಕು ಎನ್ನುವುದಷ್ಟೇ. ಉತ್ತರ ಹೇಳಿದವಳು ಪದ್ಮ. ಇಷ್ಟು ತಿಂಗಳು ಆ ಮುದುಕಿಯ ಎಡೆ ನುಂಗಿ ಹಣ್ಣಾಗಿದ್ದವಳು, ಕೈ ಚಾಚಿ ಗಂಡನ ಕೈ ಹಿಡಿದುಕೊಂಡಳು.

"ಬಿಸಿ ಮುದ್ದೆ ಇಡು," ಎಂದಳು. "ಒಂದಿನಾನಾದ್ರೂ ಉಂಡು ತೋಟಕ್ಕೆ ಹೋದೋಳಲ್ಲ. ಅವಳಿಗೆ ಹಸಿವು ಕಣೋ."